ನಾನು ಬಿಟ್ಟದ್ದು ಖಾರವಲ್ಲ

ಯಾವುದನ್ನೂ ಸುಲಭವಾಗಿ ನಂಬದವನಿಗೆ ಒಳ್ಳೆಯ ನೆನಪಾದರೂ ಇರಬೇಕು. ನನಗೆ ಅದೂ ಇಲ್ಲ. ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ, ಹಾನಗಲ್ಲಿನ ಕಾಲೇಜಿನಲ್ಲಿ ವರ್ಷಗಟ್ಟಲೆ ಜೈನರ ಪಂಚವ್ರತಗಳನ್ನು ಪಾಠ ಮಾಡಿದವನು ನಾನು. ಅಹಿಂಸೆ, ಸತ್ಯ, ಅಸ್ತೇಯ, ಅಪರಿಗ್ರಹ ಎಂದು ನಾಲ್ಕು ಬೆರಳು ಮಡಚುತ್ತೇನೆ. ಐದನೆಯದು ನಿಂತೇ ಇರುತ್ತದೆ. ಹಿಂದಿನ ಬೆಂಚಿನಿಂದ ಯಾರಾದರೂ 'ಬ್ರಹ್ಮಚರ್ಯ' ಎಂದು ಕೂಗಬೇಕು, ಇಡೀ ಕ್ಲಾಸು ನಗಬೇಕು. ಇಂಥವನ ಕೈಲಿ ವ್ರತ ಹಿಡಿಸಿದವರ ಮೇಲೆ ನನಗೆ ಸಿಟ್ಟು ಬಂದರೆ ತಪ್ಪೇನು?

ಹಿಡಿಸಿದವನು ನನ್ನ ಸಹೋದ್ಯೋಗಿ ಪದ್ಮಣ್ಣ. ಜೈನರವನು, ಸೂರ್ಯ ಮುಳುಗಿದ ಮೇಲೆ ಒಂದು ಶೇಂಗಾಬೀಜವನ್ನೂ ಬಾಯಿಗೆ ಹಾಕುವುದಿಲ್ಲ. ಹತ್ತಿರದ ಊರಿನ ಬಸದಿಯಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಮಳೆಗಾಲದಲ್ಲಿ ನಡೆದಾಡಿದರೆ ಕಾಲಡಿ ಹುಳಹುಪ್ಪಟೆ ಸಾಯುತ್ತವೆಂದು ಅವರು ಒಂದೇ ಕಡೆ ಉಳಿಯುತ್ತಾರೆ. "ಬರ್ರಿ ಸರ, ಕೇಳಾಕೇನು ರೊಕ್ಕಾ ಕೊಡಬೇಕೇನು" ಎಂದು ನನ್ನನ್ನೂ ನನ್ನ ಹೆಂಡತಿ ಸುಜಾತಾಳನ್ನೂ ಎಳೆದುಕೊಂಡು ಹೋದ. ಪ್ರವಚನದ ಕೊನೆಗೆ ಮುನಿಗಳು, ಮಳೆಗಾಲ ಮುಗಿಯುವತನಕ ಎಲ್ಲರೂ ಏನಾದರೊಂದನ್ನು ಬಿಡಿ ಎಂದರು. ಜನ ಸಾಲಾಗಿ ಹೋಗಿ, ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿ, ನವಿಲುಗರಿಯ ಪಿಂಛಿಯಿಂದ ಆಶೀರ್ವಾದ ಪಡೆಯತೊಡಗಿದರು. ನಾನೂ ಹೋದೆ. ಬಾಯಿ ಏನೋ ಹೇಳಿತು. ಮನಸ್ಸು ಮಾತ್ರ ಆ ಪ್ರವಚನದಲ್ಲಿ ಕಂಡ ತರ್ಕದೋಷಕ್ಕೆ ಖಂಡನೆ ಹೊಸೆಯುತ್ತಿತ್ತು.

ಮರುದಿನ ಸಂಜೆ ಚಹಾದ ಹೊತ್ತಿಗೆ, ಜತೆಗೆ ಕುರುಕಲು ಸವಣೂರು ಖಾರದ ಪೊಟ್ಟಣ ಬಿಚ್ಚಿದೆ. ನನ್ನ ಬಾಳಿನಲ್ಲಿರುವುದು ಇದೊಂದೇ ಚಟ. ಎದುರಿಗೆ ಕುಳಿತಿದ್ದ ಪದ್ಮಣ್ಣ ಬೆಚ್ಚಿದ.

"ಸರ, ಖಾರ ಬಿಟ್ಟೇನಿ ಅಂದ್ರಲ್ಲರಿ ನಿನ್ನೆ."

"ಬಟಾಟಿ ಬಿಟ್ಟೇನಿ ಅಂದಿದ್ದೆ ನಾ" ಎಂದೆ. ನೆಲದಡಿಯ ಗಡ್ಡೆಯೆಂದು ಜೈನರು ಆಲೂಗಡ್ಡೆ ಮುಟ್ಟುವುದಿಲ್ಲವಲ್ಲ.

ಒಳಗಿನಿಂದ ಸುಜಾತಾ ಬಂದಳು. "ಎರಡೂ ಅಲ್ಲ. ಸಿಟ್ಟು ಬಿಟ್ಟೇನಿ ಅಂದ್ರಿ. ಮಗ್ಗಲಾಗ ನಿಂತಿದ್ದೆ, ನನಗ ಕಣ್ಣಾಗ ನೀರ ಬಂದ್ವು."

"ಮತ್ತ ನಿನ್ನೇನ ಯಾಕ ಹೇಳಲಿಲ್ಲ?"

"ಎಷ್ಟೊತ್ತು ಇರತೈತಿ ನೋಡೂಣು ಅಂತ ಸುಮ್ಮನಿದ್ದೆ."

ಪದ್ಮಣ್ಣ ಸಮಾಧಾನಕ್ಕೆ ಅನೇಕಾಂತವಾದ ತೆಗೆದ. ಸತ್ಯಕ್ಕೆ ಹಲವು ಮುಖಗಳಂತೆ. ಒಂದು ದೃಷ್ಟಿಯಿಂದ ನಾನು ಬಿಟ್ಟದ್ದು ಖಾರ, ಇನ್ನೊಂದರಿಂದ ಬಟಾಟಿ, ಮತ್ತೊಂದರಿಂದ ಸಿಟ್ಟು. ಮೂರನ್ನೂ ಬಿಟ್ಟರೆ ಯಾವುದೂ ತಪ್ಪುವುದಿಲ್ಲವಂತೆ. ಇದನ್ನು ಪರೀಕ್ಷೆಯಲ್ಲಿ ಬರೆಸುವುದು ಬೇರೆ, ಖಾರದ ಪೊಟ್ಟಣಕ್ಕೆ ಅನ್ವಯಿಸುವುದು ಬೇರೆ. ನಾನು ಹೇಳದ ಮಾತನ್ನು ನನ್ನ ಬಾಯಿಗೆ ತುರುಕುವುದು ಅಸತ್ಯ. ನನ್ನ ಪೊಟ್ಟಣ ಕಸಿಯುವುದು ಕಳವು. ನನ್ನ ನಾಲಿಗೆಗೆ ಆಗುತ್ತಿದ್ದದ್ದು ಶುದ್ಧ ಹಿಂಸೆ. ಪೂರ್ತಿ ಜೈನನಾದ ಪದ್ಮಣ್ಣ ನನ್ನೊಬ್ಬನ ಮೇಲೆಯೇ ಇಷ್ಟು ವ್ರತ ಮುರಿದಿದ್ದ.

"ನಂಬಿಕಿ ಇಲ್ಲಂದ್ರ ತಿನ್ರಲ್ಲ. ಯಾರ ಕೈ ಹಿಡಿದಾರ?" ಎಂದಳು ಸುಜಾತಾ.

ಅಲ್ಲೇ ಬಂತು ತೊಂದರೆ. ನಂಬಿಕೆ ಇಲ್ಲದಿರಬಹುದು, ಅಷ್ಟು ಜನರೆದುರು ಮಾತು ಕೊಟ್ಟಾಗಿದೆ. ಯಾವ ಮಾತು ಎಂಬುದಷ್ಟೇ ಗೊತ್ತಿಲ್ಲ. ಖಾರ ಮುಟ್ಟದೆ ದಿನಗಟ್ಟಲೆ ಬರೀ ಚಹಾ ಕುಡಿದು ಕುಡಿದು ನಾನು ಬಡಕಲಾದೆ. ಕಡೆಗೆ ತಾಳಲಾರದೆ, ಮಧ್ಯಾಹ್ನದ ಬಸ್ಸು ಹತ್ತಿ ಮೂವರೂ ಬಸದಿಗೆ ಹೋದೆವು. ಅಹವಾಲು ಕೇಳಿದ ಮುನಿಗಳು ನಕ್ಕರು.

"ಮೂರರಾಗ ಯಾವದು ಬಿಡೂದು ಕಠಿಣ?"

"ಖಾರರಿ, ಮಹಾರಾಜ್ರ."

"ಹಂಗಾದರ ಖಾರ ಬಿಟ್ಟಿಲ್ಲ. ಕಠಿಣ ಇದ್ದದ್ದನ್ನ ಬಿಟ್ಟವರು ಮರೆಯೂದಿಲ್ಲ. ಬಟಾಟಿ ಬಿಟ್ಟಿದ್ದರ ಊಟಕ್ಕ ಕುಂತಾಗರ ನೆನಪಾಗತಿತ್ತು. ತನ್ನ ಹತ್ತರ ಐತಿ ಅಂತನ ಗೊತ್ತಿಲ್ಲದ್ದನ್ನ ಬಿಟ್ಟವರು ಮರೀತಾರ. ನಿಮಗ ಸಿಟ್ಟು ಐತೇನು?"

"ನನಗೆಲ್ಲಿ ಸಿಟ್ಟರಿ? ಯಾರ ಹೇಳಿದ್ರು ನಿಮಗ?" ಎಂದೆ. ಕಂಬಕ್ಕೆ ಒರಗಿದ್ದ ಅಜ್ಜಿಯೊಬ್ಬರು ಜಪ ನಿಲ್ಲಿಸಿ ತಿರುಗಿ ನೋಡಿದರು. ಮುನಿಗಳು ಆಶೀರ್ವಾದಕ್ಕೆ ಪಿಂಛಿ ಎತ್ತಿದರು.

ಬಿಟ್ಟದ್ದು ಸಿಟ್ಟೆಂದಾಯಿತು, ಖಾರ ನನಗೆ ವಾಪಸು ಸಿಕ್ಕಿತು. ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ಎದುರಿನ ಅಂಗಡಿಯಿಂದ ಪೊಟ್ಟಣ ಕೊಂಡು, ನಿಂತಲ್ಲೇ ಬಿಚ್ಚಿ ಮುಕ್ಕಿದೆ. ಮಳೆಯ ಥಂಡಿಗೆ ಖಾರ ಮೆತ್ತಗಾಗಿ ಒದ್ದೆ ಕಾಗದದಂತಿತ್ತು. ಇಷ್ಟು ದಿನ ಕಾದದ್ದು ಇದಕ್ಕೇ? ಅಂಗಡಿಯವನನ್ನು ಏಳು ತಲೆಮಾರು ಹಿಡಿದು ಬಯ್ಯಲು ಬಾಯಿ ತೆರೆದೆ. ಒಂದು ಬದಿಗೆ ಸುಜಾತಾ, ಇನ್ನೊಂದು ಬದಿಗೆ ಪದ್ಮಣ್ಣ, ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಹೆಂಗೈತ್ರಿ ಖಾರ?" ಎಂದಳು ಸುಜಾತಾ.

"ಭಾಳ ಛಲೋ ಐತಿ" ಎಂದು ಅಗಿಯತೊಡಗಿದೆ. ಪುಣ್ಯಕ್ಕೆ ನಾನು ಸತ್ಯದ ವ್ರತ ಹಿಡಿದಿರಲಿಲ್ಲ. ಹಿಡಿದಿರಲಿಲ್ಲ ಎಂದೇ ನನ್ನ ನೆನಪು.