ನೂರಾ ಹನ್ನೆರಡು ಕಿಲೋ ಕರದಂಟು

ನನ್ನ ಜಾಣತನಕ್ಕೆ ತಗಲಿದ ಖರ್ಚು ಹೇಳಿಬಿಡುತ್ತೇನೆ: ಹಬ್ಬಕ್ಕೆಂದು ಕೂಡಿಟ್ಟ ಗೋಡಂಬಿ, ಬಾದಾಮಿ, ಬೆಲ್ಲ, ತಿನ್ನುವ ಅಂಟು, ಎಲ್ಲವೂ. ಕಾರಣ? ಉಳಿತಾಯ!

ಗೋಕಾಕದಲ್ಲಿ ನನ್ನ ಹೆಂಡತಿ ಮಹಾದೇವಿ ಕರದಂಟು ಮಾಡುತ್ತಾಳೆ. ಅದನ್ನು ವೆಬ್‌ಸೈಟಿನಲ್ಲಿ ಮಾರಲು ಮೂಡಲಗಿಯ ಸಂಗೀತಾಳನ್ನು ಕರೆಸಿದೆ. ವೆಬ್‌ಸೈಟ್ ಕಟ್ಟುವುದೇ ಅವಳ ಕಸುಬು. ಗಿರಾಕಿ ತುಂಬುವ ಪುಟ ನಾನೇ ಬರೆಯುತ್ತೇನೆ, ತುಂಬಿದ್ದನ್ನು ಆಚೆ ಇಳಿಸಿಕೊಳ್ಳುವ ಸರ್ವರಿನ ಕೆಲಸವಷ್ಟೇ ನಿನ್ನದು ಎಂದು ಚೌಕಾಸಿ ಮಾಡಿದೆ. ನಾಲ್ಕು ವಿಡಿಯೊ ನೋಡಿದವನಿಗೆ ಎಂಥ ಭಯ!

“ಕಾಕಾ, ಪುಟದಿಂದ ಸರ್ವರಿಗೆ ಕಳಸೂ ಮುಂದ ಒಂದೊಂದಕ್ಕೂ ಹೆಸರು ಹಚ್ರಿ. ಇದು ಊರು, ಇದು ಕಿಲೋ ಅಂತ.”

“ಯಾಕವ್ವಾ ದಂಡ? ಹೆಸರು, ಊರು, ಕಿಲೋ, ಫೋನ್. ಸಾಲಾಗಿ ಕಳಸ್ತೇನಿ, ಸಾಲಾಗಿ ಇಳಿಸ್ಕೊ.”

“ಸಾಲು ತಪ್ಪಿದ್ರ?”

“ನಾ ಇರೂತನಕ ತಪ್ಪೂದಿಲ್ಲ!”

ತಪ್ಪಿಸಿದವನು ನಾನೇ. ಪಾರ್ಸೆಲ್‌ನವನು ಹುಕ್ಕೇರಿಯಲ್ಲಿ ಓಣಿ ಓಣಿ ಅಲೆದನೆಂದು, ಪುಟದಲ್ಲಿ ಊರು ಆದಮೇಲೆ, ಕಿಲೋಕ್ಕಿಂತ ಮೊದಲು, ಮನೆ ನಂಬರಿನ ಖಾನೆಯೊಂದನ್ನು ಸೇರಿಸಿದೆ. ಸಂಗೀತಾಳಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಪಗಾರ ಕೇಳಿಯಾಳು!

ಮರುದಿನವೇ ಆರ್ಡರ್ ಬಂತು. ಶಿವಲೀಲಾ, ಹತ್ತರಗಿ, ನೂರಾ ಹನ್ನೆರಡು ಕಿಲೋ!

“ಏನ್ರಿ, ಫೋನ್ ನಂಬರ್ ಬರೇ ಐದು ಅಂತ ಐತಿ?” ಎಂದಳು ಮಹಾದೇವಿ.

“ದೊಡ್ಡ ಮಂದಿ ನಂಬರ್ ಸಣ್ಣದಽ ಇರ್ತೈತಿ.”

ಮಹಾದೇವಿ ಮಮದಾಪುರದಿಂದ ಆರು ಹೆಣ್ಣುಮಕ್ಕಳನ್ನು ಕರೆಸಿ ಮೂರು ದಿನ ಒಲೆ ಆರಿಸಲಿಲ್ಲ. ಗಾಡಿ ಹತ್ತುವಾಗ ಅಂದಳು: “ಇದು ತಿರುಗಿ ಬಂತಂದ್ರ ನನ್ನ ಧಂದೆ ಮುಗೀತು ನೋಡ್ರಿ.”

ಊರಲ್ಲಿ ಹೆಸರು ಕೇಳುತ್ತ ಹೋಗಿ ಹಿಡಿದ ಹತ್ತರಗಿಯ ಆ ಮನೆ ಮೊಮ್ಮಗಳ ತೊಟ್ಟಿಲಿಗೆ ಬಂದ ಬೀಗರಿಂದ ತುಂಬಿತ್ತು. ಶಿವಲೀಲಕ್ಕ ಗಾಡಿಯನ್ನೂ ನನ್ನನ್ನೂ ನೋಡಿದರು.

“ನಾ ಕೇಳಿದ್ದು ಐದು ಕಿಲೋರಿ! ನೂರಾ ಹನ್ನೆರಡು ನಮ್ಮ ಮನಿ ನಂಬರ್!”

ಕಿಲೋ ಫೋನಾಗಿತ್ತು, ಮನೆ ಕಿಲೋ ಆಗಿತ್ತು. ಸರ್ವರು ಇಳಿಸಿಕೊಳ್ಳುವುದು ನಾಲ್ಕನ್ನೇ, ಐದನೆಯದಾದ ಫೋನ್ ನಂಬರು ಅದರ ಬಾಗಿಲಲ್ಲೇ ಉಳಿದಿತ್ತು. ನಾನು ಗಾಡಿಯ ಹಿಂದೆ ನಿಂತೆ.

ಮಹಾದೇವಿ ನಿಲ್ಲಲಿಲ್ಲ. ಒಂದು ಡಬ್ಬಿ ಒಡೆದು ಬೀಗರಿಗೆಲ್ಲ ತುಣುಕು ಹಂಚಿದಳು. ತಿಂದವರು ಕೇಳಿದರು, ಕೇಳಿದವರು ಕೊಂಡು ಒಯ್ದರು. ಸಂಜೆಗೆ ಉಳಿದದ್ದು ಹನ್ನೊಂದೇ ಕಿಲೋ. ಮುಂದಿನ ಎರಡು ಮದುವೆಗೂ ಆರ್ಡರ್ ಹೇಳಿಸಿಕೊಂಡಳು. ಬರೆದುಕೊಂಡ ಹಾಳೆಯ ತಲೆಗೆ ಮೊದಲು ಖಾನೆ ಎಳೆದಳು: ಹೆಸರು, ಊರು, ಮನೆ ನಂಬರು, ಕಿಲೋ, ಫೋನ್.

ಮರುದಿನ ಸಂಗೀತಾ ಬಂದು ಪುಟವನ್ನು ತಿದ್ದಿದಳು. ನಾನು ಗಂಟಲು ಸರಿಮಾಡಿಕೊಂಡು ಚೌಕಾಸಿಗೆ ಕುಳಿತೆ. “ಹೆಸರು ಹಚ್ಚಾಕ ಎಷ್ಟ್ ತಗೋತಿ?”

“ಅದಕ್ಯಾತರ ರೊಕ್ಕರಿ ಕಾಕಾ? ಆವತ್ತೂ ಪುಕ್ಕಟನ ಇತ್ತು.”

ಆದ್ದರಿಂದ ಓದುಗರೇ, ಸರ್ವರಿಗೆ ಏನು ಕಳಿಸಿದರೂ ಹೆಸರು ಹಚ್ಚಿಯೇ ಕಳಿಸಿ. ಹೊಸ ಖಾನೆ ಸೇರಿಸಿದರೆ ಆಚೆ ಇಳಿಸಿಕೊಳ್ಳುವವರಿಗೂ ಹೇಳಿ. ಇನ್ನು ಚೌಕಾಸಿ: ಧಾರಾಳವಾಗಿ ಮಾಡಿ. ಮೊದಲು ಬೆಲೆ ಎಷ್ಟೆಂದು ಕೇಳಿ, ಅಷ್ಟೇ!