ಮಗಳ ಬಯಕೆ, ನಾಲ್ಕು ತಾಲ್ಲೂಕಿನ ಸೊಪ್ಪು

ನಮ್ಮ ಮನೆಯಲ್ಲಿ ಯಾರಾದರೂ ಬಸುರಾದರೆ ಮನೆಯ ಗಂಡಸರಿಗೆ ತಿರುಗಾಟ ತಪ್ಪಿದ್ದಲ್ಲ. ತಿರುಗದೆ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ. ಅವ್ವ ನನ್ನನ್ನು ಹೊತ್ತಿದ್ದಾಗ ಹಲಸಿನ ಹಣ್ಣು ಕೇಳಿದಳಂತೆ. ನಮ್ಮಪ್ಪ "ಇದು ಹಲಸಿನ ಕಾಲ ಅಲ್ಲ" ಅಂದುಬಿಟ್ಟರಂತೆ. ಬಸುರಿಯ ಬಯಕೆ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಾರೆ, ಚಿಕ್ಕಂದಿನಲ್ಲಿ ನನ್ನ ಎಡಗಿವಿ ಸೋರುತ್ತಿತ್ತು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೂ ನನಗೆ ನೆಗಡಿಯಾಗಿ ಕಿವಿ ಗುಯ್‌ಗುಟ್ಟಿದಾಗಲೆಲ್ಲ ಅವ್ವ ಗೋಡೆಯ ಮೇಲಿನ ಅವರ ಫೋಟೋವನ್ನು ಒಮ್ಮೆ ಗುರಾಯಿಸುತ್ತಾಳೆ.

ಈ ಸಲ ನನ್ನ ಮಗಳ ಸರದಿ. ಮದುವೆಯಾಗಿ ಮೈಸೂರಿಗೆ ಹೋದವಳು. ಅಳಿಯ ಅಲ್ಲೇ ಮೆಡಿಕಲ್ ಸ್ಟೋರ್ ಇಟ್ಟಿದ್ದಾರೆ. ಅವಳಿಗೆ ಏನು ತಿಂದರೂ ಸೇರುತ್ತಿರಲಿಲ್ಲ, ಅದಕ್ಕೇ ಐದನೇ ತಿಂಗಳಿಗೇ ಮಧುಗಿರಿಗೆ ಕರೆದುಕೊಂಡು ಬಂದೆವು. ತವರಿಗೆ ಬಂದ ಮೇಲೂ ಅದೇ ಕಥೆ. ಮುದ್ದೆ ಬೇಡ, ಅನ್ನ ಬೇಡ, ಅವಳಮ್ಮ ಮಾಡಿದ ಒಬ್ಬಟ್ಟೂ ಬೇಡ. ತೂಕ ಏರುತ್ತಿಲ್ಲ ಎಂದು ಡಾಕ್ಟರಮ್ಮ ಮುಖ ಸಪ್ಪಗೆ ಮಾಡಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ಸಂಜೆ ಅವಳೇ ಬಾಯಿ ಬಿಟ್ಟಳು. "ಅಪ್ಪ, ಸೀಸರ್ ಸಲಾಡ್ ತಿನ್ಬೇಕು ಅನ್ನಿಸ್ತಿದೆ."

ಅದೆಂಥದು ಎಂದು ಕೇಳಲು ನಾನು ಬಾಯಿ ತೆರೆದೆನೋ ಇಲ್ಲವೋ, ಅವ್ವ ತಡೆದಳು. "ಬಸ್ರಿ ಹೆಣ್ಮಗಳು ಬಾಯ್ಬುಟ್ಟು ಕೇಳಿದ್ದನ್ನ ತಂದು ಮುಂದಿಡಬೇಕು ಕಣ್ಲಾ. ಯಾಕೆ, ಏನು, ಎತ್ತ ಅಂತ ಸವಾಲು ಹಾಕಬಾರ್ದು. ನಿಮ್ಮಪ್ಪ ಹಾಕಿದ್ದಕ್ಕೇ ನಿನ್ ಕಿವಿ ಹಂಗಾಗಿದ್ದು."

ಹೀಗಾಗಿ ನಾವು ಯಾರೂ ಅವಳನ್ನು ಒಂದು ಮಾತೂ ಕೇಳಲಿಲ್ಲ. ನನಗೆ ತಿಳಿದದ್ದೆಲ್ಲ ಫೋನಿನಲ್ಲಿ ಕಂಡ ಚಿತ್ರದಿಂದ: ಹಸಿರು ಸೊಪ್ಪು, ಅದರ ಮೇಲೆ ಹುರಿದ ಬ್ರೆಡ್ ಚೂರು, ಬಿಳಿಯ ಗಟ್ಟಿ ಗೊಜ್ಜು, ತುರಿದ ಚೀಸ್. ಅವ್ವ ಚಿತ್ರ ನೋಡಿ "ಕೋಸಂಬರಿಗೆ ಗ್ರಹಚಾರ ಕೆಟ್ರೆ ಹಿಂಗಾಗ್ತದೆ" ಅಂದಳು.

ಮೆನು ಕಾರ್ಡು

ನಮ್ಮೂರ ಹೊರಗೆ ಹೊಸದಾಗಿ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಆಗಿದೆ. ಅದರ ಮೆನು ಕಾರ್ಡು ಮದುವೆ ಆಲ್ಬಂ ಇದ್ದಂತಿದೆ. ಹಾಳೆ ತಿರುವುತ್ತಾ ಹೋದೆ, ಸೀಸರ್ ಸಲಾಡ್ ಇತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಬಟ್ಟೆ ಅಂಗಡಿಗೆ ಬಾಗಿಲು ಹಾಕಿ ಬಂದಿದ್ದೂ ಸಾರ್ಥಕವಾಯಿತು ಅಂದುಕೊಂಡು ಒಂದು ಪಾರ್ಸಲ್ ಹೇಳಿದೆ.

ಸಪ್ಲೈಯರ್ ಒಳಗೆ ಹೋದವನು ಬರಲೇ ಇಲ್ಲ. ಬಹಳ ಹೊತ್ತಾದ ಮೇಲೆ ಅಡುಗೆ ಭಟ್ಟರೇ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಆ ಸಲಾಡು ಹೇಳಿದ್ದು ಯಾರು?" ನಾನು ಕೈ ಎತ್ತಿದೆ. ಅವರು ನನ್ನ ಮುಖವನ್ನು ಚೆನ್ನಾಗಿ ನೋಡಿಕೊಂಡು ಒಳಗೆ ಹೋದರು.

ಪಾರ್ಸಲ್ ಬಂತು. ಬಿಚ್ಚಿದರೆ ಸೌತೆಕಾಯಿ, ಕ್ಯಾರೆಟ್, ಈರುಳ್ಳಿ ಬಿಲ್ಲೆ, ಅರ್ಧ ನಿಂಬೆಹಣ್ಣು, ಪಕ್ಕದಲ್ಲಿ ಒಂದು ಹಸಿಮೆಣಸಿನಕಾಯಿ.

"ಇದರಲ್ಲಿ ಸೊಪ್ಪೆಲ್ಲಿ?" ಅಂದೆ.

ಭಟ್ಟರು ಒಳಗೆ ಹೋಗಿ ಒಂದು ಹಿಡಿ ಕೊತ್ತಂಬರಿ ತಂದು ಮೇಲೆ ಉದುರಿಸಿದರು. "ಈಗ ಸರಿಹೋಯ್ತಾ?"

ನಾನು ಕಾರ್ಡನ್ನೇ ತೆಗೆದು ತೋರಿಸಿದೆ. ಗಲ್ಲಾದಲ್ಲಿದ್ದ ಮಾಲೀಕರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಸಾರ್, ನಿಮ್ಮ ಹತ್ರ ಯಾಕೆ ಮುಚ್ಚುಮರೆ. ಈ ಕಾರ್ಡು ನಾವು ಬರೆಸಿದ್ದಲ್ಲ. ಪ್ರೆಸ್ಸಿನೋರು ಅದ್ಯಾವ್ದೋ ದೊಡ್ಡ ಹೋಟ್ಲು ಕಾರ್ಡ್ ನೋಡ್ಕೊಂಡು ಹೊಡ್ದು ಕೊಟ್ಟವ್ರೆ. ಇದರಲ್ಲಿರೋ ಅರ್ಧಕ್ಕರ್ಧ ನಾವೇ ತಿಂದಿಲ್ಲ. ನಿಮ್ಗೆ ಎಲ್ಲಾದ್ರೂ ಸಿಕ್ಕಿದ್ರೆ, ಹೆಂಗಿರ್ತದೆ ಅಂತ ನಮ್ಗೂ ಒಂದ್ಮಾತು ಹೇಳಿ."

ಶಿರಾದ ಪಾರ್ಸಲ್

ಮರುದಿನ ಬಸ್ಸು ಹತ್ತಿ ಶಿರಾಕ್ಕೆ ಹೋದೆ. ಹೈವೇ ಪಕ್ಕದ ದೊಡ್ಡ ಹೋಟೆಲು, ಕಾರುಗಳು ಸಾಲಾಗಿ ನಿಂತಿದ್ದವು. ಇಲ್ಲಿ ಮೋಸವಿರಲಿಲ್ಲ. ಪಕ್ಕದ ಟೇಬಲಿನವರ ತಟ್ಟೆಯಲ್ಲಿ ಫೋನಿನ ಚಿತ್ರವೇ ಎದ್ದು ಬಂದಂತೆ ಸಲಾಡ್ ಕೂತಿತ್ತು. ನಾನು ಸಪ್ಲೈಯರನ್ನು ಕರೆದು, ಹಣೆಯ ವಿಭೂತಿ ತೋರಿಸಿ, "ವೆಜ್, ಗೊತ್ತಾಯ್ತಾ? ವೆಜ್" ಎಂದು ಒತ್ತಿ ಹೇಳಿದೆ.

"ಫಿಕರ್ ಮಾಡ್ಬೇಡಿ ಸಾಬ್" ಅಂದರು ಅವರು.

ಪಾರ್ಸಲ್ ಕೈಗೆ ಬಂತು. ಬಸುರಿ ಮಗಳಿಗೆ ಎಂದು ನಾನು ಹೇಳಿಕೊಂಡದ್ದಕ್ಕೆ ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಒಳ್ಳೆಯ ಮನುಷ್ಯ. ಹೊರಡುವಾಗ ಪಿಸುದನಿಯಲ್ಲಿ, "ನೀವು ವೆಜ್ ಅಂದ್ರಲ್ಲ ಸಾಬ್, ಅದಕ್ಕೆ ನಾನೇ ಕೂತ್ಕೊಂಡು ಚಿಕನ್ ಪೂರಾ ಆರಿಸಿ ತೆಗ್ದಿದೀನಿ. ಒಂದು ಪೀಸೂ ಉಳ್ದಿಲ್ಲ, ಖುದಾ ಕಸಮ್" ಅಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಕೇಳಿದ್ದೆ, ಅವತ್ತು ನೋಡಿದೆ. ಬೈಯೋಣವೆಂದರೆ ಆ ಮನುಷ್ಯ ಅಷ್ಟು ಅಕ್ಕರೆಯಿಂದ ಆರಿಸಿದ್ದರು. ಪೊಟ್ಟಣವನ್ನು ಅವರ ಕೈಗೇ ವಾಪಸು ಕೊಟ್ಟು, "ನನ್ನ ಲೆಕ್ಕದಲ್ಲಿ ನೀವೇ ತಿನ್ನಿ" ಅಂದೆ. ಅವರು ಹಿಂದೆ ಸರಿದರು. "ಬೇಡ ಸಾಬ್, ಚಿಕನ್ ಇಲ್ದೆ ಅದು ನನಗೆ ಸೇರಲ್ಲ."

ಪಾವಗಡದ ಮೀನು

ನನ್ನ ಅಲೆದಾಟದ ಸುದ್ದಿ ಡಾಕ್ಟರಮ್ಮನ ಕಿವಿಗೂ ಬಿತ್ತು. "ಹೊರಗಿಂದ ತರಲೇಬೇಡಿ. ಸೊಪ್ಪು ಹೆಂಗೆ ತೊಳೆದಿರ್ತಾರೋ, ಹಸಿ ಮೊಟ್ಟೆ ಏನೇನು ಹಾಕಿರ್ತಾರೋ. ಮನೇಲೇ ಚೊಕ್ಕಟವಾಗಿ ಮಾಡಿಕೊಡಿ" ಅಂದರು.

ಮೊಟ್ಟೆಯ ಮಾತು ಕೇಳಿ ನನ್ನ ಹೆಂಡತಿ ಬೆಚ್ಚಿದಳು. ಮನೆಗೆ ಬಂದು ಫೋನಿನಲ್ಲಿ ಒಂದು ಅಡುಗೆ ವಿಡಿಯೋ ಹಾಕಿದಳು. ನೋಡುತ್ತಿದ್ದಂತೆ ಅದರಲ್ಲಿನ ಹೆಂಗಸು ಗೊಜ್ಜಿಗೆ ಮೊಟ್ಟೆ ಒಡೆದು ಹಾಕಿದಳು. ಹೆಂಡತಿ ಫೋನನ್ನು ದೇವರ ಗೂಡಿಗೆ ಬೆನ್ನು ಮಾಡಿ ತಿರುಗಿಸಿಟ್ಟಳು. ಆಮೇಲೆ ಆ ಹೆಂಗಸು ಡಬ್ಬಿ ತೆರೆದು ಸಣ್ಣ ಮೀನು ತೆಗೆದು ಅರೆದಳು. ಇವಳು ಫೋನನ್ನೇ ತೆಗೆದುಕೊಂಡು ಹಿತ್ತಲಿಗೆ ಹೋದಳು. ಮಿಕ್ಕ ಅಡುಗೆಯನ್ನು ಕಲಿತದ್ದು ಒಗೆಯುವ ಕಲ್ಲಿನ ಮೇಲೆ ಕೂತು.

ಮೊಟ್ಟೆಗೆ ಬದಲು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಗಟ್ಟಿ ಮೊಸರು ಎಂದು ತೀರ್ಮಾನವಾಯಿತು. ನಮ್ಮ ಅಂಗಡಿಯ ಹೊಸ ಮಲ್‌ಮಲ್ ಬಟ್ಟೆಯೇ ಅದಕ್ಕೆ ಹೋಯಿತು. ಮೀನಿಗೆ ಬದಲೇನು? ಪಾವಗಡದಲ್ಲಿರುವ ಅವಳ ಅಕ್ಕನಿಗೆ ಫೋನು ಹೋಯಿತು. ಆಕೆಯ ಅರ್ಧ ಮಾತು ತೆಲುಗು. "ಕಳ್ಳೇಕಾಯಿ ಉಂಡಂಗಾ ಚೇಪ ಎಂದುಕೇ?" ಅಂದರು, ಅಂದರೆ ಕಡಲೆಕಾಯಿ ಇರುವಾಗ ಮೀನು ಯಾಕೆ ಎಂದು. "ಹುರಿದು, ಬೆಳ್ಳುಳ್ಳಿ, ಮೆಣಸು ಹಾಕಿ ನುಣ್ಣಗೆ ಅರಿ ಕಣೇ. ನಮ್ಮ ಹೊಲದ್ದೇ ಬಸ್ಸಲ್ಲಿ ಕಳಿಸ್ತೀನಿ."

ಕಂಡಕ್ಟರ್ ಕೈಗೆ ಚೀಲ ಕೊಡುವಾಗ ಆಕೆ "ಇದು ಮೀನಿನ ಬದಲಿಗೆ ಅಂತ ನಮ್ಮ ತಂಗಿ ಯಜಮಾನರಿಗೆ ಹೇಳಪ್ಪ" ಅಂದಿದ್ದಾರೆ. ದಾರಿಯುದ್ದಕ್ಕೂ ಟಿಕೆಟ್ ಹರಿದ ಕಂಡಕ್ಟರಿಗೆ ನೆನಪಿನಲ್ಲಿ ಉಳಿದದ್ದು ಅರ್ಧ. ಸಂತೆಯ ದಿನ, ಅಂಗಡಿ ತುಂಬ ಜನ. ಆತ ರಸ್ತೆಯಿಂದಲೇ ಚೀಲ ಎತ್ತಿ ಹಿಡಿದು ಕೂಗಿದರು. "ಸಾವ್ಕಾರ್ರೇ, ಪಾವಗಡದಿಂದ ನಿಮ್ಗೆ ಮೀನು ಬಂದೈತೆ, ಇಳಿಸ್ಕಳ್ಳಿ."

ಎದುರಿನ ವಿಭೂತಿ, ಕುಂಕುಮದ ಅಂಗಡಿಯವರು ನನ್ನ ಹತ್ತಿರ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ತೋವಿನಕೆರೆಯ ಹಸು

ಉಳಿದದ್ದು ಸೊಪ್ಪು. ದಂಟು, ಕೀರೆ, ಪಾಲಕ್, ಸಬ್ಬಸಿಗೆ ನಮ್ಮ ಸಂತೆಯಲ್ಲಿ ರಾಶಿ ರಾಶಿ. ಈ ಲೆಟ್ಯೂಸ್ ಎಂಬುದನ್ನು ಮಾತ್ರ ಕಂಡವರಿಲ್ಲ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆ ಒಬ್ಬರು ರೈತರು ಪಾಲಿಹೌಸ್ ಹಾಕಿ ಇದನ್ನೇ ಬೆಳೆದು ದೊಡ್ಡ ಊರಿಗೆ ಕಳಿಸುತ್ತಾರೆ ಎಂದು ಯಾರೋ ಹೇಳಿದರು. ಸ್ಕೂಟರ್ ಹತ್ತಿದೆ.

ರೈತರು ಹಸುವಿನ ಮೈ ತೊಳೆಯುತ್ತಿದ್ದರು. "ಸೊಪ್ಪು ಬೇಕಿತ್ತು" ಅಂದೆ. ತಲೆಯಾಡಿಸಿದರು. ಲೋಡಿಗೆ ಹೋಗಿ ಉಳಿದ ಸೊಪ್ಪನ್ನು ಊರಿನವರು ದನಕ್ಕೆಂದು ಒಯ್ಯುವುದು ಅಲ್ಲಿನ ವಾಡಿಕೆಯಂತೆ. ಅದು ನನಗೆ ಗೊತ್ತಿರಲಿಲ್ಲ.

"ಎಷ್ಟು ತಿಂತದೆ?" ಎಂದು ಕೇಳಿದರು.

"ಏನೂ ತಿಂತಿಲ್ಲ, ಅದೇ ಚಿಂತೆ. ಇದಾದ್ರೂ ತಿನ್ನುತ್ತೇನೋ ಅಂತ ಬಂದೆ" ಅಂದೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು 'ಅದು, ಇದು' ಎಂದು ಮುದ್ದಿನಿಂದ ಅನ್ನುವುದುಂಟು.

"ಗಬ್ಬ ಐತಾ?"

ಹಳ್ಳಿಯವರು, ಮಾತು ಒರಟು ಅಂದುಕೊಂಡೆ. "ಹೂಂ, ಐದು ತಿಂಗಳು."

"ಮೊದಲ್ನೇದಾ?"

"ಮೊದಲನೇದೇ. ಅದಕ್ಕೇ ಭಯ."

ಅವರು ನನ್ನ ಪಕ್ಕ ಬಂದು ಕೂತು ಸಮಾಧಾನ ಹೇಳಿದರು. "ಭಯ ಬೀಳಬ್ಯಾಡಿ. ಬರೀ ಸೊಪ್ಪು ಸಾಲಕ್ಕಿಲ್ಲ, ಒಂದಿಷ್ಟು ಹಿಂಡಿ, ಬೂಸ ನೆನೆಹಾಕಿ ಕೊಡಿ. ಸಂಜೆ ಹೊತ್ತು ಒಂಚೂರು ಆಚೆ ಬುಟ್ಟು ಅಡ್ಡಾಡಿಸಿ. ಒದೀತದಾ?"

ಆಗ ನನಗೆ ಜ್ಞಾನೋದಯವಾಯಿತು. ವಿಷಯ ತಿಳಿಸಿದಾಗ ಆ ಮನುಷ್ಯ ನಾಚಿ ನೀರಾಗಿ, ಲೋಡಿಗೆಂದು ಇಟ್ಟಿದ್ದ ಕೋಸಿನಂಥ ಎಳೆಯ ಸೊಪ್ಪಿನ ಗಡ್ಡೆಗಳನ್ನೇ ಆರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟರು. ಅಷ್ಟರಲ್ಲಿ ಅವರ ಹಸು ಬಂದು ನನ್ನ ಸ್ಕೂಟರಿನ ಮೇಲಿದ್ದ ಗೋಣಿಗೆ ಬಾಯಿ ಹಾಕಿ ಒಂದು ಗಡ್ಡೆ ಎಳೆದು, ಕಣ್ಣು ಮುಚ್ಚಿ, ಪರಮ ಸುಖದಿಂದ ಮೆಲ್ಲತೊಡಗಿತು. ಮನೆಗೆ ಬಂದು ಇದನ್ನೆಲ್ಲ ಹೇಳಿದೆ. ತವರಿಗೆ ಬಂದ ಮೇಲೆ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಅದೇ ಮೊದಲು. ನನಗೆ ಅಷ್ಟೇ ಸಾಕಾಗಿತ್ತು, ಆದರೆ ಅವಳಮ್ಮ ನಗುತ್ತಲೇ ಕೇಳಿದಳು: "ಅದಿರಲಿ, ಒದೆಯುತ್ತಾ ಅಂದಿದ್ದಕ್ಕೆ ನೀವೇನು ಹೇಳಿದ್ರಿ?"

ಒಂದೇ ತಟ್ಟೆ

ಸೊಪ್ಪನ್ನು ಉಪ್ಪುನೀರಿನಲ್ಲಿ ತೊಳೆದು, ಒರೆಸಿ, ತಣ್ಣಗೆ ಇಟ್ಟು, ಬ್ರೆಡ್ ಚೂರನ್ನು ತುಪ್ಪ, ಬೆಳ್ಳುಳ್ಳಿಯಲ್ಲಿ ಗರಿಗರಿಯಾಗಿ ಹುರಿದು, ಮೊಸರು, ಕಳ್ಳೇಕಾಯಿಯ ಗೊಜ್ಜು ಕಲಸಿ, ಬೇಕರಿಯಿಂದ ತಂದ ಚೀಸ್ ತುರಿದು, ನನ್ನ ಹೆಂಡತಿ ತಟ್ಟೆ ಸಿದ್ಧ ಮಾಡಿದಳು. ಹೊಗಳಿಕೆಯಲ್ಲ, ಶಿರಾದ ಹೋಟೆಲಿನ ಸಲಾಡ್ ಇದರ ಮುಂದೆ ಕೈಕಟ್ಟಿ ನಿಲ್ಲಬೇಕಿತ್ತು. ನಾವೆಲ್ಲ ಸುತ್ತ ಕೂತೆವು. ಅವ್ವನಂತೂ ಮಗಳ ಬಾಯನ್ನೇ ನೋಡುತ್ತಿದ್ದಳು.

ಮಗಳು ಒಂದು ಬ್ರೆಡ್ ಚೂರು ಬಾಯಿಗೆ ಹಾಕಿಕೊಂಡಳು. "ತುಂಬಾ ಚೆನ್ನಾಗಿದೆಯಮ್ಮ." ಇನ್ನೊಂದು ಹಾಕಿಕೊಂಡಳು. ಮತ್ತೊಂದು. ಸೊಪ್ಪಿನ ಸಂದಿಯಲ್ಲಿ ಹುಡುಕಿ ಹುಡುಕಿ ಚೂರೆಲ್ಲ ಆರಿಸಿ ತಿಂದು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬೆಟ್ಟದಷ್ಟು ಸೊಪ್ಪು ಹಾಗೇ ಇತ್ತು.

ನನಗೆ ತಡೆಯಲಾಗಲಿಲ್ಲ. "ಸೊಪ್ಪು?"

"ಸೊಪ್ಪು ನಂಗಿಷ್ಟ ಇಲ್ಲಪ್ಪ. ಸೊಪ್ಪು ಅವರ ಪಾಲು."

ಆಮೇಲೆ ಕಥೆ ಹೊರಬಿತ್ತು. ಭಾನುವಾರ ಮಧ್ಯಾಹ್ನ ಮೆಡಿಕಲ್ ಸ್ಟೋರಿಗೆ ಬಾಗಿಲು ಹಾಕಿ ಇಬ್ಬರೂ ಒಂದು ಪುಟ್ಟ ಹೋಟೆಲಿಗೆ ಹೋಗುತ್ತಿದ್ದರಂತೆ. ಇಬ್ಬರ ನಡುವೆ ಒಂದೇ ತಟ್ಟೆ. ಬ್ರೆಡ್ ಚೂರು ಇವಳಿಗೆ, ಸೊಪ್ಪು ಅವರಿಗೆ. ಹೇಳುತ್ತಾ ಹೇಳುತ್ತಾ ಅವಳು ಪಕ್ಕದಲ್ಲಿಟ್ಟ ಫೋನನ್ನು ಎತ್ತಿ ನೋಡಿದಳು. ನಾಲ್ಕು ತಾಲ್ಲೂಕು ಜಾಲಾಡಿದ ನಾನು, ಪಕ್ಕದ ಕೋಣೆಯಲ್ಲಿ ಗಂಡನ ಫೋನಿಗಾಗಿ ಕಾಯುತ್ತಾ ಕೂತ ಮಗಳನ್ನು ನೋಡಿಯೇ ಇರಲಿಲ್ಲ.

ಅವ್ವ ಕೋಲೂರಿ ಎದ್ದಳು. "ಇವಳ ಬಯಕೆ ತಟ್ಟೆಯಾಗಿಲ್ಲ ಕಣ್ಲಾ, ಮೈಸೂರಾಗೈತೆ. ಫೋನ್ ಮಾಡು."

ಭಾನುವಾರ ಅಳಿಯ ಬಂದರು. ಮತ್ತೆ ತೋವಿನಕೆರೆ, ಮತ್ತೆ ಸೊಪ್ಪು, ಮತ್ತೆ ಒಂದೇ ತಟ್ಟೆ. ಇಬ್ಬರೂ ಎದುರುಬದುರು ಕೂತರು. ಇವಳು ಬ್ರೆಡ್ ಆರಿಸಿದಳು, ಅವರು ಸೊಪ್ಪು ತಿಂದರು. ಅದಾದ ಮೇಲೆ ಮಗಳು ತಾನಾಗಿಯೇ "ಅಮ್ಮ, ಮುದ್ದೆ ಇದೆಯಾ?" ಅಂದಳು. ಅವಳು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುವುದನ್ನು ನೋಡುತ್ತಾ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೈ ತೊಳೆಯಲು ಅಳಿಯ ಹಿತ್ತಲಿಗೆ ಬಂದಾಗ ನೀರು ಹಾಕಿದ್ದು ನಾನು. ಅವರು ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಕೇಳಿದರು. "ಮಾವ, ಸ್ವಲ್ಪ ಅನ್ನ ಸಾರೇನಾದ್ರೂ ಉಳಿದಿದೆಯಾ?"

"ಯಾಕೆ, ಸಲಾಡ್ ಹೊಟ್ಟೆ ತುಂಬಲಿಲ್ವಾ?"

"ಅದಲ್ಲ ಮಾವ. ನಂಗೆ ಆ ಸೊಪ್ಪು ಕಂಡ್ರೆ ಆಗಲ್ಲ. ಮದುವೆಯಾದ ಹೊಸದ್ರಲ್ಲಿ ಅವಳು ಬ್ರೆಡ್ಡು ಅಷ್ಟು ಆಸೆಯಿಂದ ಆರಿಸಿ ತಿಂತಿದ್ಲು. ಸಂಕೋಚ ಪಡದೆ ತಿನ್ನಲಿ ಅಂತ, ನಂಗೆ ಸೊಪ್ಪೇ ಇಷ್ಟ ಅಂದ್ಬಿಟ್ಟೆ. ಅವತ್ತಿಂದ ತಿಂತಾನೇ ಇದೀನಿ."

ಹಾಗಾದರೆ ಇಷ್ಟು ದಿನದಲ್ಲಿ ಈ ಸೊಪ್ಪನ್ನು ಮನಸಾರೆ ತಿಂದದ್ದು ತೋವಿನಕೆರೆಯ ಹಸು ಒಂದೇ. ನಾನು ಚೆಂಬು ಕೆಳಗಿಟ್ಟು ಅಳಿಯನ ಕಡೆ ತಿರುಗಿದೆ. ಇಂಥವರಿಗೆ ಮಗಳನ್ನು ಕೊಟ್ಟೆನಲ್ಲ ಎಂದು ಎದೆ ತುಂಬಿ ಬಂತು. "ಒಳಗೆ ಬನ್ನಿ, ಬಡಿಸ್ತೀನಿ" ಎನ್ನುವಷ್ಟರಲ್ಲಿ ತೆಂಗಿನ ಮರದ ಹಿಂದಿನಿಂದ ಅವ್ವನ ಕೋಲು ಅಡ್ಡ ಬಂತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೋಡಿ ಅಳಿಯಂದ್ರೇ, ಈ ಮಾತು ಇಲ್ಲಿಗೇ ಇರ್ಲಿ. ಹೆರಿಗೆ ಆಗೋಗಂಟ ಪ್ರತಿ ಭಾನುವಾರ ಬನ್ನಿ, ನಗ್ತಾ ನಗ್ತಾ ಸೊಪ್ಪು ತಿನ್ನಿ. ಕೂಸಿನ ಕಿವಿ ಈಗ ನಿಮ್ಮ ಬಾಯಾಗೈತೆ."

ಅಳಿಯ ಒಮ್ಮೆ ನನ್ನ ಎಡಗಿವಿಯನ್ನು ನೋಡಿದರು. ಆಮೇಲೆ ಮುಖ ಒರೆಸಿಕೊಂಡು ನಡುಮನೆಗೆ ಹೋಗಿ ತಟ್ಟೆಯ ಮುಂದೆ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಅತ್ತೆ, ಇನ್ನೊಂಚೂರು ಸೊಪ್ಪು ಹಾಕಿ."