ನೆಟ್ಟಿನ ವೇಗ ಅಳೆದದ್ದು

ಅಳೆದು ನೋಡದೆ ನಾನು ಯಾವುದನ್ನೂ ನಂಬುವವನಲ್ಲ. ಇದನ್ನು ಗುಣ ಎಂದು ತಿಳಿದು ಮೂವತ್ತೊಂದು ವರ್ಷ ಸಂಬಳ ಕೊಟ್ಟವರು ರಾಜಾಜಿನಗರದ ಒಂದು ಹೈಸ್ಕೂಲಿನವರು. ದೋಷ ಎಂದು ತಿಳಿದೂ ಸಂಬಳವಿಲ್ಲದೆ ಸಹಿಸಿಕೊಂಡವಳು ನನ್ನ ಹೆಂಡತಿ ಸರೋಜ. ಭೌತಶಾಸ್ತ್ರದ ಮೇಷ್ಟ್ರಾಗಿ ನಾನು ಕಲಿಸಿದ್ದರಲ್ಲಿ ನನಗೇ ಪೂರ್ತಿ ನಂಬಿಕೆ ಇದ್ದದ್ದು ಒಂದು ಮಾತಿನಲ್ಲಿ ಮಾತ್ರ: ಏನನ್ನೇ ಆಗಲಿ ಮೂರು ಸಲ ಅಳೆಯಿರಿ, ಆಮೇಲೆ ಸರಾಸರಿ ತೆಗೆಯಿರಿ. ನಿವೃತ್ತನಾದ ಮೇಲೂ ಈ ಚಟ ಹೋಗಿಲ್ಲ. ಜ್ವರ ಬಂದರೆ ಮೂರು ಸಲ ಥರ್ಮಾಮೀಟರ್ ಇಟ್ಟುಕೊಳ್ಳುತ್ತೇನೆ. ಮೂರನೆಯ ಸಲಕ್ಕೆ ಸರೋಜ ನೀರಿನ ಲೋಟ ಹಿಡಿದು ಬಂದು, "ರೀ, ಮೊದ್ಲು ಮಾತ್ರೆ ನುಂಗಿ. ಸರಾಸರಿ ಎಲ್ಲೂ ಓಡೋಗಲ್ಲ" ಅನ್ನುತ್ತಾಳೆ.

ಈ ಸರೋಜ ಹಾಡುತ್ತಾಳೆ. ಮಕ್ಕಳ ಓದು, ಅತ್ತೆಯ ಕಾಯಿಲೆ ಎಂದು ಇಪ್ಪತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದಳು. ಹಾಡಿನ ಮಟ್ಟಿಗೆ ಹೇಳುತ್ತಿದ್ದೇನೆ. ಎರಡು ವರ್ಷದ ಹಿಂದೆ ಚಂದ್ರಾ ಲೇಔಟಿನ ಟೀಚರೊಬ್ಬರ ಹತ್ತಿರ ಮತ್ತೆ ಪಾಠಕ್ಕೆ ಸೇರಿದಳು. ಕಳೆದ ತಿಂಗಳು ಒಂದು ಭಜನಾ ಮಂಡಳಿಯವರ ಆನ್‌ಲೈನ್ ದೇವರನಾಮ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೂ ಬಂದುಬಿಟ್ಟಳು. ಅವಳಿಗಿದ್ದ ಅಂಜಿಕೆ ಒಂದೇ. ಚರಣದ ಕೊನೆಯ ಸಾಲಿನಲ್ಲಿ ಮೇಲಿನ ಷಡ್ಜ ಮುಟ್ಟಿ, ಅಲ್ಲಿಂದ ಒಂದೇ ಉಸಿರಿನಲ್ಲಿ ಕೆಳಗಿಳಿಯಬೇಕು. ಆರು ವಾರ ಆ ಸಾಲು ನಮ್ಮ ಮನೆಯಲ್ಲಿ ಹುಳಿ ಕುದಿಯುವಾಗ, ಬಟ್ಟೆ ಒಣಗಿಸುವಾಗ, ಹೂವು ಕಟ್ಟುವಾಗ ಮೇಲೆ ಹತ್ತಿತು, ಅರ್ಧಕ್ಕೆ ಬಂದು ಉಸಿರು ಕಟ್ಟಿ ನಿಂತಿತು. ಹತ್ತು ಸಲಕ್ಕೆ ಒಂದು ಸಲ ಪೂರ್ತಿ ಇಳಿದಾಗ ಅವಳ ಮುಖ ನೋಡಬೇಕಿತ್ತು. ನೋಡಿದವರು ಹೇಳಿದ್ದಾರೆ.

ಸ್ಪರ್ಧೆಗೆ ನಾಲ್ಕು ದಿನ ಮುಂಚೆ ಸಂಜೆ ಏಳಕ್ಕೆ ಮಂಡಳಿಯವರು ಟ್ರಯಲ್ ಇಟ್ಟುಕೊಂಡರು. ಸರೋಜಳ ಟ್ಯಾಬಿಗೆ ನನ್ನ ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಟ್ಟಿದ್ದೆ. ಕೇಬಲ್ ನೆಟ್ ಹಾಕಿಸೋಣವೆಂದರೆ ಮೂಡಲಪಾಳ್ಯದ ನಮ್ಮ ಮನೆ ಓನರ್ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುವವರಲ್ಲ. ಟ್ರಯಲ್ಲಿನಲ್ಲಿ ಅವಳ ಪಲ್ಲವಿ ಆ ಕಡೆಯವರಿಗೆ ತುಂಡುತುಂಡಾಗಿ ಕೇಳಿಸಿತಂತೆ. "ಮೇಡಂ, ನೆಟ್ ಸರಿಮಾಡಿಸ್ಕೊಳಿ. ಫೈನಲ್ ದಿನ ಕಟ್ಟಾದ್ರೆ ಇನ್ನೊಂದ್ ಚಾನ್ಸ್ ಇಲ್ಲ" ಎಂದರು. ಸರೋಜ ನನ್ನ ಕಡೆ ನೋಡಿದಳು. "ಅದು ನನ್ನ ಜವಾಬ್ದಾರಿ ಕಣೇ. ನೀನು ಆ ಸಾಲು ನೋಡ್ಕೊ" ಅಂದೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನೂ ತಂದೆ.

ನೆಟ್ಟಿನ ವೇಗ ಅಳೆಯುವ ಆಪ್ ಬಿಟ್ಟಿಯಾಗಿ ಸಿಗುತ್ತದೆ. ಒತ್ತಿದರೆ ಆಟೋ ಮೀಟರಿನಂಥ ಒಂದು ಮುಳ್ಳು ಏಳುತ್ತದೆ. ನಮಗೆ ಬರುವ ವೇಗ ಒಂದು, ನಾವು ಕಳಿಸುವ ವೇಗ ಒಂದು, ಪಿಂಗ್ ಎಂಬುದು ಮತ್ತೊಂದು. ಪಿಂಗ್ ಅಂದರೆ ಕೂಗಿದ ಮೇಲೆ ಆ ಕಡೆಯಿಂದ ಓ ಎನ್ನಲು ಹಿಡಿಯುವ ಹೊತ್ತು. ನನ್ನ ಫೋನಿನದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ ಇತ್ತು. ಅಡಿಗೆಮನೆಯಿಂದ ಕೂಗುವ ಸರೋಜಳ ಪ್ರಕಾರ ನನ್ನದು ಹತ್ತು ನಿಮಿಷ. ಇನ್ನು ವೇಗ ಇಪ್ಪತ್ತು ಎಂದು ತೋರಿಸಿದರೆ ಹಿಗ್ಗುವ ಹಾಗಿಲ್ಲ. ಅದು ಬಿಟ್ಟಿನ ಲೆಕ್ಕ. ನಾವು ಇಳಿಸಿಕೊಳ್ಳುವ ಫೋಟೋ, ಹಾಡು ಎಲ್ಲ ಬೈಟಿನ ಲೆಕ್ಕ. ಎಂಟು ಬಿಟ್ ಕೂಡಿದರೆ ಒಂದು ಬೈಟ್, ಹಾಗಾಗಿ ಇಪ್ಪತ್ತು ಕೈಗೆ ಬರುವಷ್ಟರಲ್ಲಿ ಎರಡೂವರೆ. ನಮ್ಮ ಬೀದಿಯ ತಳ್ಳುಗಾಡಿಯವನು ಬೀನ್ಸ್ ಇಪ್ಪತ್ತು ಇಪ್ಪತ್ತು ಎಂದು ಕೂಗಿ, ಚೀಲಕ್ಕೆ ಹಾಕಿದ ಮೇಲೆ ಕಾಲು ಕೆಜಿಗೆ ಎನ್ನುತ್ತಾನಲ್ಲ, ಹಾಗೆ. ವಿಡಿಯೋದಲ್ಲಿ ಒಬ್ಬ ಹೆಂಗಸು ಹಾಡಲು ಎಷ್ಟು ವೇಗ ಬೇಕು ಎಂದು ವಿಚಾರಿಸಿದೆ. ಎರಡೋ ಮೂರೋ ಇದ್ದರೆ ಧಾರಾಳ ಎಂದು ತಿಳಿಯಿತು. ನಮ್ಮಲ್ಲಿ ಮೊದಲ ಸಲವೇ ಹದಿನೆಂಟು ಬಂತು. ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು.

ನಾನು ಹಾಲ್, ರೂಮು, ಬಾಲ್ಕನಿ, ತಾರಸಿಯ ನೀರಿನ ಟ್ಯಾಂಕಿನ ಪಕ್ಕ, ಹೀಗೆ ನಾಲ್ಕು ಜಾಗ ಗುರುತು ಮಾಡಿದೆ. ಒಂದೊಂದು ಜಾಗದಲ್ಲಿ ಮೂರು ರೀಡಿಂಗ್. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಸಂಜೆ ಒಂದು ಸುತ್ತು. ನೋಟ್‌ಬುಕ್ಕಿಗೆ ಗೆರೆ ಹಾಕಿ ಕೋಷ್ಟಕ ಬರೆದೆ. ವಿಚಿತ್ರವೆಂದರೆ ಬೆಳಿಗ್ಗೆ, ಮಧ್ಯಾಹ್ನ ಕುದುರೆಯ ಹಾಗೆ ಓಡುತ್ತಿದ್ದ ನೆಟ್ಟು ಸಂಜೆಯ ಸುತ್ತು ಮುಗಿಯುವ ಹೊತ್ತಿಗೆ ಮಕಾಡೆ ಮಲಗಿರುತ್ತಿತ್ತು. ಸಂಜೆ ಊರೆಲ್ಲ ಮನೆಗೆ ಬಂದು ಒಂದೇ ಟವರಿಗೆ ಮುಗಿಬೀಳುತ್ತದೆ, ಅದಕ್ಕೇ ಹೀಗೆ ಎಂದು ಷರಾ ಬರೆದು ಅಡಿಗೆರೆ ಎಳೆದೆ. ಸ್ಪರ್ಧೆ ಇದ್ದದ್ದು ಭಾನುವಾರ ಐದು ಗಂಟೆಗೆ. ಆವತ್ತು ಬಹಳ ಮುಖ್ಯವಾದ ದಿನವಾದ್ದರಿಂದ ಮಧ್ಯಾಹ್ನದ ಸುತ್ತನ್ನು ಎರಡು ಸಲ ಮಾಡಿದೆ.

ಸರೋಜ ರೇಷ್ಮೆ ಸೀರೆ ಉಟ್ಟು, ಶ್ರುತಿ ಪೆಟ್ಟಿಗೆ ಹಚ್ಚಿ, ಟೀಪಾಯಿಯ ಮೇಲೆ ಟ್ಯಾಬ್ ನಿಲ್ಲಿಸಿಕೊಂಡು ಕೂತಳು. ಎದುರಿನ ಕುರ್ಚಿಯಲ್ಲಿ ನಾನು, ಕೈಯಲ್ಲಿ ಫೋನು, ತೊಡೆಯ ಮೇಲೆ ನೋಟ್‌ಬುಕ್ಕು. ಟ್ಯಾಬಿನಲ್ಲಿ ಮೂವರು ತೀರ್ಪುಗಾರರು. ಅವಳು ಕಣ್ಣು ಮುಚ್ಚಿ ಪಲ್ಲವಿ ಎತ್ತಿಕೊಂಡಳು. ನೆಟ್ಟು ತಡೆಯುತ್ತಿದೆಯೇ ಎಂದು ನಾನು ಒಂದು ರೀಡಿಂಗ್ ತೆಗೆದೆ. ಹದಿನೇಳು. ಬರೆದುಕೊಂಡೆ. ಎರಡನೆಯದು ಹದಿನಾರು. ಮೂರನೆಯದಕ್ಕೆ ಮುಳ್ಳು ಎದ್ದದ್ದು ಎದ್ದ ಹಾಗೇ ಕುಸಿದು ಸೊನ್ನೆಯ ಪಕ್ಕ ಬಿತ್ತು. ಸೊನ್ನೆ ದಶಾಂಶ ಸೊನ್ನೆ ಆರು. ಟ್ಯಾಬಿನ ಕಡೆ ನೋಡಿದರೆ, ನಡುವೆ ಕೂತಿದ್ದ ತೀರ್ಪುಗಾರ್ತಿ ತಾಳ ಹಾಕಲು ಎತ್ತಿದ ಕೈ ಗಾಳಿಯಲ್ಲೇ ನಿಂತಿದೆ. ಇಂಥ ಹೊತ್ತಿನಲ್ಲಿ ತಿಳಿದವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಇನ್ನೊಂದು ರೀಡಿಂಗ್ ತೆಗೆದೆ. ಅದೂ ಅಷ್ಟೇ ಬಂತು. ಅದನ್ನೂ ಬರೆದು ತಲೆ ಎತ್ತುವಷ್ಟರಲ್ಲಿ ಸರೋಜ ಶ್ರುತಿ ಪೆಟ್ಟಿಗೆ ನಿಲ್ಲಿಸಿ ಎದ್ದಿದ್ದಳು. ಸ್ವಲ್ಪ ಹೊತ್ತಿಗೆ ಮಂಡಳಿಯವರ ಫೋನು ಬಂತು. "ಪಲ್ಲವಿ ಚೆನ್ನಾಗ್ ಕೇಳಿಸ್ತು ಸಾರ್, ಆಮೇಲೆ ಕಟ್ಟಾಯ್ತು. ರೂಲ್ಸು ಸಾರ್, ಏನೂ ಮಾಡಕ್ಕಾಗಲ್ಲ." ಅವಳಿಗೆ ಹೇಳಿದೆ. ಅವಳು ರೇಷ್ಮೆ ಸೀರೆ ಮಡಿಸಿ ಬೀರುವಿಗಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮರುದಿನ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಕಾಮಾಕ್ಷಿಪಾಳ್ಯದ ಮಂಜುನಾಥನ ರೀಚಾರ್ಜ್ ಅಂಗಡಿಗೆ ಹೋದೆ. ಮಂಜುನಾಥ ಈಗ ನಲವತ್ತು ದಾಟಿದವನು. ಒಂದು ಕಾಲದಲ್ಲಿ ನನ್ನ ಕೈಯಲ್ಲಿ ಎರಡು ಸಲ ಫೇಲಾಗಿದ್ದ. ಕಂಪನಿಯ ಮೇಲೆ ದೂರು ಬರೆಸೋಣ ಎಂದು ಕೋಷ್ಟಕವನ್ನೆಲ್ಲ ಅವನ ಮುಂದೆ ಹರಡಿದೆ. ಅವನು ಭಕ್ತಿಯಿಂದ ಪುಟ ತಿರುಗಿಸಿದ. "ಸಾರ್, ನಿಮ್ ಪ್ಲಾನ್ ದಿನಕ್ಕೆ ಒಂದೂವರೆ ಜಿಬಿ ಅಲ್ವಾ?" "ಹೌದು." "ಈ ಟೆಸ್ಟ್ ಅನ್ನೋದು ಸುಮ್ನೆ ನೋಡೋದಲ್ಲ ಸಾರ್. ನಲ್ಲಿ ಎಷ್ಟ್ ಜೋರಾಗ್ ಬರತ್ತೆ ಅಂತ ಬಕೆಟ್ ಇಟ್ಟು ಅಳ್ದು, ನೀರ್ನ ಮೋರಿಗೆ ಚೆಲ್ದಂಗೆ. ನೆಟ್ ಜೋರಾಗಿದ್ದಷ್ಟೂ ಜಾಸ್ತಿ ಚೆಲ್ಲತ್ತೆ. ದಿನದ ಕೋಟಾ ನೀವೇ ಖಾಲಿ ಮಾಡ್ತಿದೀರ. ಖಾಲಿ ಆದ್ಮೇಲೆ ಅವ್ರು ತೊಟ್ಟಿಕ್ಕೋವಷ್ಟೇ ಬಿಡೋದು." ನನ್ನ ಫೋನು ಇಸಿದುಕೊಂಡು ಮೆಸೇಜುಗಳನ್ನು ತೆರೆದ. ಅರ್ಧ ಮುಗಿದಿದೆ, ತೊಂಬತ್ತು ಭಾಗ ಮುಗಿದಿದೆ, ಪೂರ್ತಿ ಮುಗಿದಿದೆ ಎಂದು ಕಂಪನಿ ದಿನವೂ ಬರೆಯುತ್ತಲೇ ಇತ್ತು. ಸಾಲ ಬೇಕೇ ಎನ್ನುವವರ ಮೆಸೇಜು ಎಂದುಕೊಂಡು ನಾನು ಒಂದನ್ನೂ ತೆರೆದಿರಲಿಲ್ಲ. "ನೀವೇ ಲ್ಯಾಬಲ್ಲಿ ಹೇಳ್ತಿದ್ರಲ್ಲ ಸಾರ್, ಅಳೆಯೋ ಮೀಟರ್ರೇ ಕರೆಂಟ್ ತಿನ್ಬಾರ್ದು ಅಂತ" ಎಂದ ಮಂಜುನಾಥ. ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವನನ್ನು ಎರಡು ಸಲ ಫೇಲ್ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮನೆಗೆ ಬಂದವನೇ ಸರೋಜಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ತಪ್ಪು ಟವರಿನದಲ್ಲ, ನನ್ನದು ಎಂದೆ. ಅವಳು ಹುರುಳಿಕಾಯಿ ಮುರಿಯುತ್ತ ಕೇಳಿಸಿಕೊಂಡಳು. "ಹೋಗ್ಲಿ ಬಿಡಿ. ಬೇಕು ಅಂತ ಮಾಡಿದ್ರಾ?" ಎಂದಳು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ತಲೆ ಎತ್ತದೆಯೇ ಕೇಳಿದಳು. "ಆ ಕೊನೇ ಸಾಲು ಹೇಗ್ ಬಂತು ರೀ? ಎದುರಿಗಿದ್ದೋರು ನೀವೊಬ್ರೇ."

"ತುಂಬಾ ಚೆನ್ನಾಗಿ ಬಂತು ಕಣೇ. ಒಂದೇ ಉಸಿರಲ್ಲಿ ಇಳಿದ್ಬಿಟ್ಟೆ" ಅಂದೆ.

ಅವಳ ಕೈ ನಿಂತಿತು. "ನಾನು ಚರಣಾನೇ ಹಾಡ್ಲಿಲ್ಲ ರೀ. ಅನುಪಲ್ಲವೀಲಿ ಕಣ್ ಬಿಟ್ ನೋಡ್ದೆ, ಅವ್ರ ಕೈ ಮೇಲೇ ನಿಂತಿತ್ತು. ಅಲ್ಲಿಗೇ ನಿಲ್ಲಿಸ್ದೆ. ನೀವು ಏನೋ ಬರೀತಿದ್ರಿ."

ನಾವಿಬ್ಬರೂ ಕೂತಿದ್ದ ಜಾಗದ ನಡುವೆ ಆವತ್ತು ಇದ್ದದ್ದು ಒಂದು ಟೀಪಾಯಿ ಅಷ್ಟೇ. ಇದಕ್ಕೆ ಯಾವ ಕಂಪನಿಗೆ ದೂರು ಕೊಡುವುದೋ ತಿಳಿಯದೆ, ಅವಳ ಪಕ್ಕ ಕೂತು ನಾನೂ ಹುರುಳಿಕಾಯಿ ಮುರಿಯತೊಡಗಿದೆ.